ಇಂಗು ಬಾವಿಗೆ ಜಲ್ಲಿ ತುಂಬಬೇಡಿ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ ಅದು ತೊಂಬತ್ತು ಸಾವಿರ ಲೀಟರ್ ನೀರು. ಅಷ್ಟನ್ನೂ ಹಿಡಿದಿಡುವ ಸಂಪು ಯಾರ ಮನೆಯಲ್ಲೂ ಇರುವುದಿಲ್ಲ. ಸಂಪು ತುಂಬಿ ಉಕ್ಕಿದ್ದು ಮೋರಿ ಸೇರದೆ ನೆಲಕ್ಕೆ ಇಳಿಯಲಿ ಎಂದೇ ಇಂಗು ಬಾವಿ. 2009ರಲ್ಲಿ ಜಲಮಂಡಳಿ ಕಾಯ್ದೆಯ ತಿದ್ದುಪಡಿಯಿಂದ ಮಳೆನೀರು ಸಂಗ್ರಹ ಕಡ್ಡಾಯವಾದ ಮೇಲೆ ನಗರದಲ್ಲಿ ಇವು ಹೆಚ್ಚಿವೆ. ಆದರೆ ಕಾಟಾಚಾರಕ್ಕೆ ತೋಡಿದ ಬಾವಿ ನೀರನ್ನು ಇಂಗಿಸುವುದಿಲ್ಲ.

ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಯಲ್ಲಿ ಸುಮಾರು 4,000 ಲೀಟರ್ ನಿಲ್ಲುತ್ತದೆ. ಸಾವಿರ ಚದರಡಿ ತಾರಸಿಗೆ 50 ಮಿಲಿಮೀಟರ್ ಮಳೆ ಸುರಿದರೆ ಬರುವುದು 4,600 ಲೀಟರ್. ಹಾಗಾಗಿ ಈ ಅಳತೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಅದೇ ಬಾವಿಗೆ ಬಾಯಿವರೆಗೂ ಜಲ್ಲಿ ಸುರಿದರೆ ಕಲ್ಲಿನ ಸಂದುಗಳಲ್ಲಿ ಉಳಿಯುವ ಜಾಗ ಶೇಕಡಾ 40ರಷ್ಟು ಮಾತ್ರ, ಅಂದರೆ 1,600 ಲೀಟರ್. ಉಳಿದದ್ದು ಉಕ್ಕಿ ರಸ್ತೆಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಜಲ್ಲಿಯ ನಡುವೆ ಹೂಳು ಕೂತರೆ ತೆಗೆಯುವ ದಾರಿಯೇ ಇಲ್ಲ. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿ ಕಟ್ಟಿಕೊಳ್ಳುತ್ತದೆ. ಒಳಗೆ ಖಾಲಿ ಇರಲಿ; ಜಲ್ಲಿ ತಳಕ್ಕೆ ಒಂದಡಿ ಸಾಕು.

ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುವಾಗ ನಡುವಿನ ಸಂದಿಗೆ ಗಾರೆ ಮೆತ್ತಬಾರದು. ನೀರು ತಳದಿಂದ ಇಂಗುವಷ್ಟೇ ಪಕ್ಕಗಳಿಂದಲೂ ಇಂಗಬೇಕು. ಗಾರೆ ಕೆಲಸದವರು ಅಭ್ಯಾಸಬಲದಿಂದ ಸಂದಿ ಮುಚ್ಚಿಬಿಡುತ್ತಾರೆ, ಪಕ್ಕದಲ್ಲಿ ನಿಂತು ಮಾಡಿಸಿ. ರಿಂಗಿನ ಹೊರಸುತ್ತಿನ ಸಂದಿಗೆ 20 ಮಿಲಿಮೀಟರ್ ಜಲ್ಲಿ ತುಂಬಿ. ಮೇಲಿನ ಎರಡು ಮೂರು ಅಡಿ ಮಾತ್ರ ಗಟ್ಟಿ ಮಣ್ಣು ಹಾಕಿ ದಮ್ಮಸು ಮಾಡಿ, ಇಲ್ಲದಿದ್ದರೆ ಅಂಗಳದ ಕೊಳೆ ನೀರು ಅಲ್ಲಿಂದಲೇ ನುಗ್ಗುತ್ತದೆ.

ಆಳ ಇಪ್ಪತ್ತಡಿಯೇ ಆಗಬೇಕೆಂದಿಲ್ಲ. ಮೇಲಿನ ಜೇಡಿ ಮಣ್ಣು ದಾಟಿ ಗರಸು ಸಿಗುವವರೆಗೆ ಹೋಗಬೇಕು, ಅಷ್ಟೆ. ಹತ್ತಡಿಗೇ ಬಂಡೆ ಸಿಕ್ಕರೆ ಒಡೆಯುವ ಬದಲು ನಾಲ್ಕಡಿ ಅಗಲ ಮಾಡಿ, ಅಥವಾ ಜಾಗವಿದ್ದರೆ ಇನ್ನೊಂದು ತೋಡಿಸಿ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರಿಗೆ ನೆಲದ ಪದರ ಕೈಯಳತೆಯಲ್ಲೇ ತಿಳಿಯುತ್ತದೆ. ಅವರ ಮಾತು ಕೇಳುವುದು ಒಳ್ಳೆಯದು. ಸೆಪ್ಟಿಕ್ ಟ್ಯಾಂಕ್ ಹತ್ತಿರ ಮಾತ್ರ ತೋಡಿಸಲೇಬೇಡಿ.

ಬಾವಿಯ ಆಯಸ್ಸು ನಿಂತಿರುವುದು ಒಳಗೆ ಬರುವ ನೀರಿನ ಮೇಲೆ. ತಾರಸಿಯ ಕೊಳವೆಗೆ ಎಲೆ ತಡೆಯುವ ಜಾಲರಿ, ಮೊದಲ ಎರಡು ಮಿಲಿಮೀಟರ್ ಮಳೆಯನ್ನು ಹೊರಬಿಡುವ ವಾಲ್ವ್, ಆಮೇಲೆ ಹೂಳು ತಂಗುವ ಎರಡಡಿಯ ಸಣ್ಣ ತೊಟ್ಟಿ, ಇವಿಷ್ಟು ಬೇಕೇ ಬೇಕು. ಕಾರು ತೊಳೆದ ನೀರು, ರಸ್ತೆಯ ನೀರು ಬಿಡಬೇಡಿ, ಎಣ್ಣೆ ಅಂತರ್ಜಲ ಸೇರುತ್ತದೆ. ಇದೇ ಕಾರಣಕ್ಕೆ ತಾರಸಿ ನೀರನ್ನು ಸೋಸದೆ ನೇರವಾಗಿ ಕೊಳವೆಬಾವಿಯ ಕೇಸಿಂಗ್ ಪೈಪಿಗೆ ಇಳಿಸುವುದೂ ತಪ್ಪು. ಅಲ್ಲಿ ಮಣ್ಣು ಸೋಸುವ ಅವಕಾಶವೇ ಸಿಗುವುದಿಲ್ಲ.

ತುಂಬಿದ ಬಾವಿ ಒಂದೆರಡು ದಿನದಲ್ಲಿ ಇಳಿಯಬೇಕು. ವಾರವಾದರೂ ಇಳಿಯದಿದ್ದರೆ ತಳದ ಜಲ್ಲಿಯಲ್ಲಿ ಹೂಳು ಕಟ್ಟಿದೆ ಎಂದು ಮೊದಲು ಅನುಮಾನಿಸಿ. ಏಪ್ರಿಲ್‌ನಲ್ಲಿ, ಮೇ ಮಳೆಗೆ ಮುಂಚೆ, ಜಲ್ಲಿ ಮೇಲೆತ್ತಿ ತೊಳೆದು ಮತ್ತೆ ಹಾಕಿಸಿ. ಮುಚ್ಚಿದ ಬಾವಿಯಲ್ಲಿ ಗಾಳಿ ಕೆಟ್ಟಿರುತ್ತದೆ. ಮುಚ್ಚಳ ತೆಗೆದು ಗಂಟೆಗಟ್ಟಲೆ ಬಿಟ್ಟು, ಬ್ಲೋವರ್‌ನಿಂದ ಹೊಸ ಗಾಳಿ ಊದಿಸಿದ ಮೇಲೆಯೇ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು ಆಳನ್ನು ಇಳಿಸಿ.