ಮಹಾಪ್ರಭುಗಳು ಮಲಗಿದ್ದಾರೆ

ನಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡಬೇಕಾದರೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಸೀನರಿ, ಲೈಟು, ಮೈಕು, ಹಾರ್ಮೋನಿಯಂ ಮೇಷ್ಟ್ರ ಸಂಬಳ ಎಲ್ಲ ಅದರಿಂದಲೇ ಹುಟ್ಟಬೇಕು. ಕುರುಕ್ಷೇತ್ರ ಆದರಂತೂ ಕೃಷ್ಣನಿಗೂ ದುರ್ಯೋಧನನಿಗೂ ಪೈಪೋಟಿ. ಸೇವಕನ ಪಾತ್ರವನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಗಾಗಿ ಅದು ಪ್ರತಿ ಸಲ ನನ್ನ ಪಾಲಿಗೆ ಬರುತ್ತದೆ, ಅದೂ ಪುಕ್ಕಟೆ. ನಾನು ತುಮಕೂರಿನಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು. ಬಿಟ್ಟಿ ಸಿಕ್ಕಿದ್ದನ್ನು ಬೇಡ ಅನ್ನುವ ಅಭ್ಯಾಸ ಇಲ್ಲ.

ಈ ಸಲ ಜಾತ್ರೆಯಲ್ಲಿ ದೊಡ್ಡ ನಾಟಕಕ್ಕೆ ಮೊದಲು ಅರ್ಧ ಗಂಟೆಯ ಒಂದು ಹಾಸ್ಯ ನಾಟಕ ಹಾಕಿದ್ದೆವು. ಒಬ್ಬ ಪುಕ್ಕಲು ರಾಜ, ಅವನನ್ನು ದೇವರ ಹಾಗೆ ನಂಬಿದ ಒಬ್ಬ ಸೇವಕ. ಇಷ್ಟೇ ಕಥೆ. ರಾಜ ಆಗಿದ್ದು ನಮ್ಮಣ್ಣನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಒಳ್ಳೇ ಎತ್ತರ, ಗಡಸು ದನಿ. ಕಿರೀಟ ಮಾತ್ರ ಒಂದು ಸೈಜು ದೊಡ್ಡದು. ಒಳಗೆ ಪೇಪರ್ ಮಡಚಿ ತುರುಕಿದ್ದೆವು.

ಅದರಲ್ಲಿ ಒಂದು ಸೀನ್ ಇದೆ. ರಾಜ ಆಕಳಿಸಿ, "ನಾನು ಮಲಗುತ್ತೇನೆ, ಯಾರೂ ನನ್ನ ನಿದ್ದೆ ಕೆಡಿಸಕೂಡದು" ಅಂತಾನೆ. ಸೇವಕ ಈಟಿ ಹಿಡಿದು ಕಾವಲು ನಿಲ್ಲುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ರಾಜನ ಭುಜ ಅಲ್ಲಾಡಿಸುತ್ತಾನೆ.

"ಪ್ರಭೂ, ಪ್ರಭೂ!"

"ಏನೋ ಅದು?"

"ಇಲ್ಲೀವರೆಗೂ ಯಾರೂ ತಮ್ಮನ್ನು ಎಬ್ಬಿಸಿಲ್ಲ ಪ್ರಭು. ನೆಮ್ಮದಿಯಾಗಿ ಮಲಗಿ."

ರಿಹರ್ಸಲ್‌ನಲ್ಲಿ ಇದನ್ನು ನಾನು ಕಣ್ಣು ಮಿಟುಕಿಸಿ, ಜನರ ಕಡೆ ತಿರುಗಿ ಹೇಳುತ್ತಿದ್ದೆ. ಒಬ್ಬರೂ ನಗಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ಕೈ ತೆಗೆದು, "ಏನಪ್ಪಾ, ದೊರೆನ ಗೇಲಿ ಮಾಡ್ತಿದೀಯಾ? ನಿಜವಾಗಲೂ ಕಾಯಿ. ಅವನು ಚೆನ್ನಾಗಿ ನಿದ್ದೆ ಮಾಡಲಿ ಅನ್ನೋ ಆಸೆ ಮುಖದಲ್ಲಿ ಕಾಣ್ಬೇಕು" ಅಂದರು. ಜಾತ್ರೆ ದಿನ ಹಾಗೇ ಮಾಡಿದೆ. ಎಬ್ಬಿಸುವ ಮೊದಲು ರಾಜನ ಹೊದಿಕೆ ಸರಿ ಮಾಡಿದೆ, ಕಾಲ ಹತ್ತಿರ ಸೊಳ್ಳೆ ಓಡಿಸಿದೆ. ಆಮೇಲೆ ಎಬ್ಬಿಸಿದೆ. ಮುಂದೆ ಚಾಪೆ ಹಾಸಿ ಕೂತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಸೇವಕನಿಗೆ ಭಕ್ತಿ ಇಲ್ಲದಿದ್ದರೆ ಈ ನಾಟಕದಲ್ಲಿ ಹಾಸ್ಯವೇ ಇಲ್ಲ. ದೊರೆಯನ್ನು ಬೈಯುವ ಆಳನ್ನು ಎಲ್ಲಿ ಬೇಕಾದರೂ ನೋಡಬಹುದು, ಅದಕ್ಕೆ ನಾಟಕ ಯಾಕೆ?

ಮೂಡಲಪಾಯ ಯಕ್ಷಗಾನದ ಸಾರಥಿಯನ್ನೇ ನೋಡಿ. ರಾಜ ರಂಗಕ್ಕೆ ಬಂದ ಕೂಡಲೇ ತಾವು ಯಾರು, ಯಾವ ದೇಶದವರು ಅಂತ ಕೈ ಮುಗಿದು ವಿಚಾರಿಸುತ್ತಾನೆ. ತನ್ನ ದೊರೆ ಯಾರು ಅಂತ ಅವನಿಗೆ ಗೊತ್ತಿಲ್ವಾ? ಗೊತ್ತು. ಕೇಳುವುದು ನಮಗೋಸ್ಕರ. ಅವನು ಕೇಳದಿದ್ದರೆ ರಾಜನಿಗೆ ಬಾಯಿ ಬಿಡುವ ದಾರಿಯೇ ಇಲ್ಲ.

ಇನ್ನು ಗುಬ್ಬಿ ಅಂದಮೇಲೆ ವೀರಣ್ಣನವರ ಹೆಸರು ಎತ್ತದೆ ಇರೋಕಾಗುತ್ತಾ? 1884ರಲ್ಲಿ ನಮ್ಮೂರ ಚನ್ನಬಸವೇಶ್ವರನ ಹೆಸರಲ್ಲಿ ಒಂದು ನಾಟಕ ಕಂಪನಿ ಶುರುವಾಯಿತು. ಅದಕ್ಕೆ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರೇ ಆದರು. ಬೇಕಿದ್ದರೆ ರಾಜನ ಪಾತ್ರಗಳನ್ನೆಲ್ಲ ತಾವೇ ಇಟ್ಟುಕೊಳ್ಳಬಹುದಿತ್ತು. ಆದರೆ ಜನ ಅವರನ್ನು ನೆನೆಯುವುದು 'ಸದಾರಮೆ' ನಾಟಕದ ಕಳ್ಳನ ಪಾತ್ರಕ್ಕೆ. ಮೈಸೂರು ಮಹಾರಾಜರಿಂದ 'ನಾಟಕರತ್ನ' ಅನ್ನಿಸಿಕೊಂಡವರು ಜನರನ್ನು ನಗಿಸುವುದಕ್ಕೇ ಹೆಸರಾದರು. ಈಗ ತುಮಕೂರಿನ ಕಲಾಕ್ಷೇತ್ರಕ್ಕೆ ಅವರದೇ ಹೆಸರಿದೆ. ಅಲ್ಲಿ ಟಿಕೆಟ್ ತಗೊಂಡು ಕೂತಾಗಲೂ ನಾನು ನೋಡುವುದು ಸಿಂಹಾಸನದ ಪಕ್ಕ ನಿಂತವನನ್ನೇ. ರಾಜ ಉದ್ದುದ್ದ ಮಾತಾಡುವಾಗ ಅವನು ಕೈ ಎಲ್ಲಿಟ್ಟುಕೊಂಡಿದ್ದಾನೆ ಅನ್ನೋದರಲ್ಲೇ ಗೊತ್ತಾಗುತ್ತೆ, ಅವನು ನಟನೋ, ಸುಮ್ನೆ ವೇಷ ಹಾಕಿಕೊಂಡು ನಿಂತವನೋ ಅಂತ.

ರಾಜನ ಪಾತ್ರ ಸುಲಭ ಅಂತಲೂ ಅಲ್ಲ. ಸುತ್ತ ಎಲ್ಲರೂ ನಗುವಾಗ ಅವನೊಬ್ಬ ನಗಬಾರದು. ನಮ್ಮ ಹುಡುಗ ಕೊನೇ ಸೀನ್‌ವರೆಗೂ ತಡೆದುಕೊಂಡಿದ್ದ. ಶತ್ರು ಸೈನ್ಯ ಬಂತು ಅಂತ ಸುದ್ದಿ ಬಂದಾಗ ಅವನು ನಡುಗುತ್ತಾ, "ಎಲೈ ಸೇವಕನೇ, ಈಗೇನು ಮಾಡೋಣ?" ಅನ್ನಬೇಕಿತ್ತು. ಗಾಬರಿಯಲ್ಲಿ, "ಚಿಕ್ಕಪ್ಪಾ, ಈಗೇನ್ ಮಾಡೋದು?" ಅಂದುಬಿಟ್ಟ.

ಚಾಪೆ ಮೇಲಿದ್ದವರು ಒಂದು ಗಳಿಗೆ ಸುಮ್ಮನಾದರು. ನಾನು ಮಂಡಿಯೂರಿ, "ಕೇಳಿದಿರಾ ಮಹಾಜನಗಳೇ, ಪ್ರಭುಗಳಿಗೆ ನನ್ನ ಮೇಲೆ ಎಷ್ಟು ಪ್ರೀತಿ!" ಅಂದೆ. ರಾಜನಿಗೆ ಇನ್ನು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಕಿರೀಟ ಮೂಗಿನ ಮೇಲೆ ಇಳಿಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಸರಿಯಾಗಿ ಕೂರಿಸಿ, ಮತ್ತೆ ಕೈಕಟ್ಟಿ ನಿಂತೆ. ಮೇಷ್ಟ್ರು ಮುಂದಿನ ಹಾಡಿನ ಶ್ರುತಿ ಹಿಡಿದರು, ಬಚಾವಾದೆವು.

ಬಣ್ಣ ಅಳಿಸುವಾಗ ಹುಡುಗ ಮೆಲ್ಲಗೆ, "ಚಿಕ್ಕಪ್ಪ, ಮುಂದಿನ ವರ್ಷ ನಾನು ಸೇವಕ ಆಗ್ತೀನಿ, ನೀವು ರಾಜ ಆಗಿ" ಅಂದ.

"ಆಗಲಪ್ಪ, ರಾಜನ ಪಾತ್ರದ ದುಡ್ಡು ನೀನೇ ಕಟ್ಟು" ಅಂದೆ. ಇನ್ನೂ ಉತ್ತರ ಬಂದಿಲ್ಲ.