ಮಧ್ಯದಲ್ಲೇ ಫೋನ್ ಇಟ್ಟುಬಿಡಿ, ಮರ್ಯಾದೆ ಏನೂ ಹೋಗಲ್ಲ

ನಮ್ಮ ಚಿಕ್ಕಮ್ಮ ದಾವಣಗೆರೆಯಲ್ಲಿ ಒಬ್ಬರೇ ಇರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ತರಕಾರಿಯವನು ಎರಡು ರೂಪಾಯಿ ತಪ್ಪು ಲೆಕ್ಕ ಹೇಳಿದರೂ ಅಲ್ಲೇ ಹಿಡಿಯುತ್ತಾರೆ. ಅಂಥವರು ಕಳೆದ ತಿಂಗಳು ಎರಡೂವರೆ ಗಂಟೆ ಒಂದು ಫೋನಿಗೆ ಸಿಕ್ಕಿಹಾಕಿಕೊಂಡು ಕೂತಿದ್ದರು.

ನಿಮ್ಮ ಆಧಾರ್ ಕೊಟ್ಟು ಯಾರೋ ಪಾರ್ಸೆಲ್ ಕಳಿಸಿದ್ದಾರೆ, ಅದರಲ್ಲಿ ಡ್ರಗ್ಸ್ ಸಿಕ್ಕಿದೆ, ಮುಂಬೈನಲ್ಲಿ ಕೇಸ್ ಆಗಿದೆ ಅಂತ ಶುರು. "ನಂಗೆ ಹಿಂದಿ ಅಷ್ಟು ಬರಲ್ಲ ಸರ್" ಅಂದರೆ, ಕನ್ನಡದವನೊಬ್ಬನನ್ನು ಲೈನಿಗೆ ಕರೆತಂದರಂತೆ. (ನಾವು ಕಸ್ಟಮರ್ ಕೇರಿಗೆ ಫೋನ್ ಮಾಡಿ ಕನ್ನಡದ ಗುಂಡಿ ಒತ್ತಿ ಹತ್ತು ನಿಮಿಷ ಕಾದರೂ ಕನ್ನಡದವರು ಸಿಗಲ್ಲ. ಕಳ್ಳರ ಸೇವೆ ನೋಡಿ.) ಆಮೇಲೆ ವಾಟ್ಸಾಪ್ ವಿಡಿಯೋ ಕಾಲ್, ಖಾಕಿ ಬಟ್ಟೆ, ಹಿಂದೆ ಬಾವುಟ. ನೀವೀಗ ಡಿಜಿಟಲ್ ಅರೆಸ್ಟ್, ಕ್ಯಾಮೆರಾ ಆಫ್ ಮಾಡಬಾರದು, ಯಾರಿಗೂ ಹೇಳಬಾರದು, ಹೇಳಿದರೆ ಅವರ ಮೇಲೂ ಕೇಸ್. ಕೊನೆಗೆ ಬಂದಿದ್ದು ಅಸಲಿ ಮಾತು: ಎಫ್‌ಡಿ ಮುರಿಸಿ ದುಡ್ಡನ್ನು "ರಿಸರ್ವ್ ಬ್ಯಾಂಕ್ ಖಾತೆ"ಗೆ ಹಾಕಿ, ಪರಿಶೀಲನೆ ಮುಗಿದ ಮೇಲೆ ವಾಪಸ್ ಬರುತ್ತದೆ.

ಚಿಕ್ಕಮ್ಮ ಬೀರುವಿನಿಂದ ಎಫ್‌ಡಿ ರಸೀದಿ ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು. ಅಷ್ಟರಲ್ಲಿ ಎದುರುಮನೆ ಆಂಟಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಇವರ ಮುಖ ನೋಡಿ, ಕೈಯಲ್ಲಿದ್ದ ಫೋನ್ ಕಿತ್ತುಕೊಂಡು, "ಯಾವನ್ರೀ ಇವ್ನು?" ಅಂತ ಕೇಳಿ ಕಟ್ ಮಾಡಿದರು. ಮುಗೀತು.

"ನೀವೇ ಯಾಕೆ ಕಟ್ ಮಾಡಲಿಲ್ಲ ಚಿಕ್ಕಮ್ಮ?" ಅಂತ ಆಮೇಲೆ ಕೇಳಿದೆ. "ಅಷ್ಟು ದೊಡ್ಡ ಆಫೀಸರ್ ಮಾತಾಡ್ತಿರುವಾಗ ಮಧ್ಯದಲ್ಲಿ ಹೆಂಗೋ ಇಡೋದು?" ಅಂದರು.

ನನಗೆ ಬಲೆಯೆಲ್ಲ ಇಲ್ಲೇ ಇದೆ ಅನ್ನಿಸಿತು. ನಾವು ಇದನ್ನು ತಂತ್ರಜ್ಞಾನದ ಸಮಸ್ಯೆ ಅಂದುಕೊಳ್ಳುತ್ತೇವೆ, ಅಜ್ಜ ಅಜ್ಜಿಗೆ ಒಟಿಪಿ ಅಂದರೆ ಏನು ಅಂತ ಪಾಠ ಮಾಡುತ್ತೇವೆ, ಆದರೆ ಆ ಕಳ್ಳರಿಗೆ ಬೇಕಿರುವುದು ಎರಡೇ: ನೀವು ಲೈನಿನಲ್ಲಿ ಇರಬೇಕು, ಮತ್ತು ಒಬ್ಬರೇ ಇರಬೇಕು. ಬಾವುಟ, ಖಾಕಿ ಎಲ್ಲ ಅದಕ್ಕೆ ಕಟ್ಟಿದ ನಾಟಕ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದ್ದರು. ಚಿಕ್ಕಮ್ಮ ಆ ಸುದ್ದಿ ಓದಿದ್ದರಂತೆ! ಹೆದರಿದಾಗ ಓದಿದ್ದು ನೆನಪಿಗೆ ಬರಲ್ಲ, ಅಲ್ವಾ.

ನಾನೇನು ಮಹಾ ಜಾಣ ಅಲ್ಲ. ಹಳೇ ಮಂಚ ಮಾರಲು ಆನ್‌ಲೈನಿನಲ್ಲಿ ಹಾಕಿದ್ದೆ. ಒಬ್ಬ ಚೌಕಾಸಿ ಕೂಡ ಮಾಡದೆ ಒಪ್ಪಿದ (ಅಲ್ಲೇ ಅನುಮಾನ ಬರಬೇಕಿತ್ತು), ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಅಂದ. ಮೂರು ಅಂಕಿ ಒತ್ತಿದ ಮೇಲೆ ಹೊಳೆಯಿತು: ಯುಪಿಐ ಪಿನ್ ಇರುವುದು ದುಡ್ಡು ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಪಿನ್ ಬೇಡವೇ ಬೇಡ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ಹೆಸರಿಟ್ಟು ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲುಗಳೂ (ಫೋನಿನಲ್ಲಿ ಆಪ್ ಹಾಕುವ ಫೈಲು ಇವು) ಇದೇ ಜಾತಿ. ಒತ್ತಿದರೆ ಕೆಟ್ಟಿರಿ.

ದುಡ್ಡು ಹೋಗೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸರಸರ ದಾಟಿಸುತ್ತಾ ಹೋಗುತ್ತಾರೆ, ಅದು ಎಲ್ಲೋ ಒಂದು ಕಡೆ ಇನ್ನೂ ಇರುವಾಗಲೇ ತಡೆಹಿಡಿಯಬೇಕು. ಎಷ್ಟೋ ಜನ ಮನೆಯವರು ಬೈಯುತ್ತಾರೆ ಅಂತ ಹೆದರಿ ಒಂದು ರಾತ್ರಿ ಸುಮ್ನೆ ಕೂತುಬಿಡುತ್ತಾರೆ. ಆದ್ದರಿಂದ ಮನೆಯವರಿಗೂ ಒಂದು ಮಾತು, ಬೈಗುಳ ಏನಿದ್ದರೂ 1930 ಆದ ಮೇಲೆ ಇಟ್ಟುಕೊಳ್ಳಿ.

ಮೊನ್ನೆ ಹೊಸ ಸಿಮ್ ತಗೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ನಾನು" ಅನ್ನುವಷ್ಟರಲ್ಲಿ ಕಟ್. ಎರಡು ನಿಮಿಷಕ್ಕೆ ನನ್ನ ಹಳೇ ನಂಬರಿಗೆ ಅವರದೇ ಕರೆ ಬಂತು. "ಈಗ ಫೋನ್ ಮಾಡಿದ್ದು ನೀನೇನಾ? ಆ ನಂಬರ್ ಒಂದ್ಸಲ ಹೇಳು ನೋಡೋಣ."