ಕುಂಭಕರ್ಣನಿಗೆ ರ‍್ಯಾಮ್ ಹಾಕಿದ ಕಥೆ

"ಏನಪ್ಪಾ, ನಮ್ಮ ಕುಂಭಕರ್ಣನ್ನ ಕರ್ಕೊಂಡು ಬಂದಿದೀನಿ" ಅನ್ನುತ್ತಾ ರಿಟೈರ್ಡ್ ಮೇಷ್ಟ್ರೊಬ್ಬರು ಆಟೋದಿಂದ ಸಿಪಿಯು ಇಳಿಸಿದರು. ನಾನು ನಕ್ಕು, ಜಾಬ್ ಕಾರ್ಡ್‌ನಲ್ಲಿ 'ಡೆಸ್ಕ್‌ಟಾಪ್, ಸ್ಲೋ' ಅಂತ ಬರೆದುಕೊಂಡೆ. ಮೈಸೂರಿನ ನಮ್ಮ ರಿಪೇರಿ ಅಂಗಡಿಗೆ ಬರುವುದರಲ್ಲಿ ಅರ್ಧಕ್ಕರ್ಧ 'ಸ್ಲೋ' ಕೇಸೇ.

ಪ್ರೊಸೆಸರ್ ಹಳೇ ಫೋರ್ತ್ ಜೆನ್ ಐ3, ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ಮೆಮೊರಿ 4 ಜಿಬಿ ರ‍್ಯಾಮ್. ಜಾಸ್ತಿ ಯೋಚನೆ ಮಾಡದೆ ಇನ್ನೊಂದು 4 ಜಿಬಿ ಡಿಡಿಆರ್3 ಹಾಕಿದೆ, ದುಡ್ಡು ತಗೊಂಡೆ, ಕಳಿಸಿದೆ. ನಾಲ್ಕನೇ ದಿನಕ್ಕೆ ಮತ್ತೆ ಅದೇ ಆಟೋ.

"ಇವನು ಏಳ್ತಾನೇ ಇಲ್ವಲ್ಲಪ್ಪಾ. ಎದ್ದ ಮೇಲೆ ಏನೂ ತಕರಾರಿಲ್ಲ."

ಅವರ ಎದುರೇ ಆನ್ ಮಾಡಿ ಗಡಿಯಾರ ನೋಡುತ್ತಾ ಕೂತೆ. ಡೆಸ್ಕ್‌ಟಾಪ್ ಕಾಣಿಸಲು ಎರಡು ನಿಮಿಷ. ಮೌಸ್ ಹೇಳಿದ ಮಾತು ಕೇಳಲು ಇನ್ನೂ ಮೂರು. ಟಾಸ್ಕ್ ಮ್ಯಾನೇಜರ್ ತೆಗೆದರೆ ಮೆಮೊರಿ ಅರ್ಧವೂ ತುಂಬಿಲ್ಲ, ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದೆ. ಹಾರ್ಡ್ ಡಿಸ್ಕ್‌ನೊಳಗಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗಿದರೂ, ಓದುವ ಮುಳ್ಳು ಒಂದೊಂದು ಚಿಕ್ಕ ಫೈಲ್‌ಗೂ ಅತ್ತಿಂದಿತ್ತ ಓಡಬೇಕು. ಬೂಟ್ ಆಗುವಾಗ ಅಂಥ ಫೈಲ್‌ಗಳು ಸಾವಿರಾರು. ಒಮ್ಮೆ ತೆರೆದದ್ದು ರ‍್ಯಾಮ್‌ನಲ್ಲೇ ಕೂತಿರುತ್ತದೆ, ಹಾಗಾಗಿ ಆಮೇಲೆ ಸಲೀಸು. ಕುಂಭಕರ್ಣನದೂ ಎಬ್ಬಿಸುವ ತನಕ ತಾನೇ ಕಷ್ಟ? ಮೇಷ್ಟ್ರು ಮೊದಲ ದಿನವೇ ರೋಗ ಹೇಳಿದ್ದರು. ನಾನು ಜೋಕ್ ಅಂದುಕೊಂಡಿದ್ದೆ.

ತಟ್ಟೆಯೂ ಮುಳ್ಳೂ ಇಲ್ಲದ 256 ಜಿಬಿ ಎಸ್‌ಎಸ್‌ಡಿ ಹಾಕಿ, ವಿಂಡೋಸನ್ನು ಇದ್ದ ಹಾಗೇ ಅದಕ್ಕೆ ಕಾಪಿ ಮಾಡಿದೆ. ಅವರು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಫೈಲ್‌ಗಳಿದ್ದ ಹಳೇ ಡಿಸ್ಕನ್ನು ಪಕ್ಕದಲ್ಲೇ ಬಿಟ್ಟೆ. ಅರ್ಧ ನಿಮಿಷದೊಳಗೆ ಎದ್ದ. ರ‍್ಯಾಮ್ ದುಡ್ಡು ವಾಪಸ್ ಕೊಡಲು ಹೋದರೆ ಅವರು ತಗೊಳ್ಳಲಿಲ್ಲ. ನಾನು ಕೂಲಿ ಕೇಳಲಿಲ್ಲ.

ಆವತ್ತಿನಿಂದ ಜಾಬ್ ಕಾರ್ಡ್‌ನಲ್ಲಿ ಒಂದು ಸಾಲು ಸೇರಿದೆ: 'ಮನೆಯಲ್ಲಿ ಏನಂತ ಕರೀತಾರೆ?' ಹೊಸ ಹುಡುಗರು ಇದನ್ನು ಕೇಳಲು ನಾಚಿಕೊಳ್ಳುತ್ತಾರೆ. ಕೇಳಲೇಬೇಕು ಅಂದಿದ್ದೇನೆ. 'ಹೆಲಿಕಾಪ್ಟರ್' ಅಂದರೆ ಮೊದಲು ಫ್ಯಾನ್ ಬಿಚ್ಚುತ್ತೇವೆ. ಪ್ರೊಸೆಸರ್ ಬಿಸಿ ಹೀರುವ ಹೀಟ್‌ಸಿಂಕ್ ಸಂದಿಯಲ್ಲಿ ಹತ್ತಿಯಂಥ ಧೂಳು, ಒಣಗಿ ಸುಣ್ಣವಾದ ಥರ್ಮಲ್ ಪೇಸ್ಟ್. 'ಅಜ್ಜಿ' ಅಂತ ಒಂದು ಬಂದಿತ್ತು. ಯಾಕೆ ಅಜ್ಜಿ ಅಂದರೆ, "ದಿನಾ ತಾರೀಕು ಮರೆಯುತ್ತೆ ಸರ್." ಬ್ಯಾಂಕ್ ವೆಬ್‌ಸೈಟ್ ತೆರೆಯುತ್ತಿಲ್ಲ ಅನ್ನುವುದು ಅವರ ದೂರು. ವೈರಸ್ ಅಂತ ಆಂಟಿವೈರಸ್‌ಗೂ ದುಡ್ಡು ಸುರಿದಿದ್ದರು. ಗಡಿಯಾರ ಹತ್ತು ವರ್ಷ ಹಿಂದಿದ್ದರೆ, ಸೈಟ್‌ನ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ಬಾಗಿಲು ಹಾಕುತ್ತದೆ. ಮದರ್‌ಬೋರ್ಡ್ ಮೇಲಿನ ಗಡಿಯಾರ ನಡೆಸುವ, ಬಿಲ್ಲೆಯಂಥ ಸಿಆರ್2032 ಸೆಲ್ ಬದಲಾಯಿಸಿ ತಾರೀಕು ಸರಿ ಮಾಡಿದೆ, ಅಷ್ಟೇ.

ಎಲ್ಲ ಹೆಸರೂ ಕೆಲಸಕ್ಕೆ ಬರುವುದಿಲ್ಲ ಬಿಡಿ. 'ಚಿನ್ನು' ಅಂತ ಒಂದಿತ್ತು. ಪಾಪ, ಬೋರ್ಡೇ ಸತ್ತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಸಪೋರ್ಟ್, ಅಂದರೆ ಸೆಕ್ಯುರಿಟಿ ಅಪ್‌ಡೇಟ್, ಮುಗಿಯಿತು. ಕುಂಭಕರ್ಣನಲ್ಲಿದ್ದದ್ದೂ ಅದೇ. ಫೋರ್ತ್ ಜೆನ್ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ, ಹೊಸದು ತಗೊಳ್ಳೋದಾ ಸರ್ ಅಂದೆ. ಬರೀ ಟೈಪಿಂಗ್‌ಗೆ ಹೊಸದು ಯಾಕಪ್ಪಾ ಅಂದರು. ನಿಜ ಅನ್ನಿಸಿತು. ಅಪ್‌ಡೇಟ್ ಇಲ್ಲದ್ದು ನೆಟ್‌ನಲ್ಲಿದ್ದರೆ ತಾನೇ ಜಾಸ್ತಿ ಅಪಾಯ? ಮನೆಗೇ ಹೋಗಿ ನೆಟ್ ಕೇಬಲ್ ಕಿತ್ತು, ಸುತ್ತಿ, ಮೇಜಿನ ಡ್ರಾಯರ್‌ಗೆ ಹಾಕಿ ಬಂದೆ.